ಸಂಪಾದಕರ ಉತ್ತರ: ಅಣ್ಣನವರ ಕ್ಯಾಸೆಟ್ಟುಗಳನ್ನು ಸ್ಟುಡಿಯೊಗೆ ಕೊಡುವ ಮುನ್ನ

ಮಾನ್ಯರೇ,

ರಾಬರ್ಟ್‌ಸನ್‌ಪೇಟೆಯಿಂದ ತಾವು ಬರೆದ ಪತ್ರ ತಲುಪಿದೆ. ಕೋಲಾರ ಜಿಲ್ಲೆಯ ತತ್ವಪದಕಾರರ ಹಳೆಯ ಧ್ವನಿಮುದ್ರಣಗಳನ್ನು ಮನೆಮನೆಯಲ್ಲೂ ಕಾಪಾಡಿಕೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ಓದಿ, ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ತಮ್ಮ ದಿವಂಗತ ಅಣ್ಣನವರು ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಶಾರ್ಟ್‌ವೇವ್ ರೇಡಿಯೊದಿಂದ ಹಿಡಿದಿಟ್ಟ ರಾಕ್ ಕಾನ್ಸರ್ಟುಗಳಿಗೂ ಆ ಮಾತು ಅನ್ವಯಿಸುತ್ತದೆಯೇ ಎಂದು ಕೇಳಿದ್ದೀರಿ. ಗರಗರ ಸದ್ದು, ನಿರೂಪಕರ ಮಾತು, ನಡುವೆ ಬರುವ ‘ಕಿವಿ ಚುಚ್ಚುವ ಪೀಪ್ ಪೀಪ್’ ಎಲ್ಲವನ್ನೂ ತೆಗೆದು ಹಾಡುಗಳನ್ನಷ್ಟೇ ಎಂಪಿ3 ಮಾಡಿ ಪೆನ್ ಡ್ರೈವಿಗೆ ಹಾಕಿಕೊಡಲು ಬೆಂಗಳೂರಿನ ಸ್ಟುಡಿಯೊ ಒಂದು ಒಪ್ಪಿದೆಯೆಂದೂ, ಹೊರದೇಶದ ಕೆಲವು ಅಭಿಮಾನಿಗಳು ಪ್ರತಿ ಕೇಳುತ್ತಿದ್ದಾರೆಂದೂ, ಕೊಟ್ಟರೆ ಕಾನೂನಿನ ತೊಡಕಾದೀತೇ ಎಂದೂ ತಿಳಿಸಿದ್ದೀರಿ.

ಅನ್ವಯಿಸುತ್ತದೆ, ಅನುಮಾನ ಬೇಡ. ಕೆಜಿಎಫ್‌ನ ಕ್ವಾರ್ಟರ್ಸ್‌ಗಳಲ್ಲಿ ತಮಿಳು, ತೆಲುಗು, ಕನ್ನಡಗಳ ಜೊತೆಗೆ ಇಂಗ್ಲಿಷ್ ಹಾಡೂ ಕೇಳಿಬರುತ್ತಿದ್ದ ಕಾಲವೊಂದಿತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಅದರ ಗುರುತು ಉಳಿದಿರುವುದು ಇಂತಹ ಪೆಟ್ಟಿಗೆಗಳಲ್ಲೇ. ಸ್ಟುಡಿಯೊಗೆ ಮಾತ್ರ ಸದ್ಯಕ್ಕೆ ಕೊಡಬೇಡಿ. ಅವರು ಕಸವೆಂದು ತೆಗೆಯಲು ಹೊರಟಿರುವುದೇ ತಮ್ಮ ಅಣ್ಣನವರ ಕ್ಯಾಸೆಟ್ಟುಗಳಲ್ಲಿ ಬೇರೆಲ್ಲಿಯೂ ಸಿಗದ ಭಾಗ.

ತಾವು ದೂರಿರುವ ಆ ಪೀಪ್ ಸದ್ದನ್ನೇ ತೆಗೆದುಕೊಳ್ಳಿ. ಅದು ಬಿಬಿಸಿ ಗಂಟೆಗೊಮ್ಮೆ ಪ್ರಸಾರ ಮಾಡುವ ಗ್ರೀನಿಚ್ ಕಾಲಸಂಜ್ಞೆ: ಐದು ಚಿಕ್ಕವು, ಆರನೆಯದು ಉದ್ದ, ಆರನೆಯದನ್ನು ಉದ್ದ ಮಾಡಿದ್ದು 1972ರಲ್ಲಿ. ಅದರ ಸ್ವರ ಸರಿಯಾಗಿ 1000 ಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಕಂಪನ. ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇದ್ದ ಅಂದಿನ ಟೂ-ಇನ್-ಒನ್‌ಗಳಲ್ಲಿ ಬ್ಯಾಟರಿ ಸೊರಗಿದ್ದಾಗ ಮುದ್ರಿಸಿದ ಕ್ಯಾಸೆಟ್ಟನ್ನು ಈಗ ಸರಿಯಾದ ವೇಗದ ಯಂತ್ರಕ್ಕೆ ಹಾಕಿದರೆ ಅದು ಬೇಗ ಓಡುತ್ತದೆ, ಗಾಯಕನ ಶ್ರುತಿ ಮೇಲೇರುತ್ತದೆ, ಎಷ್ಟು ಏರಿದೆಯೆಂದು ಕಿವಿಯೊಂದರಿಂದಲೇ ಹೇಳುವುದು ಕಷ್ಟ. ಆದರೆ ಆ ಪೀಪ್ ಕಂಪ್ಯೂಟರಿನಲ್ಲಿ 1030 ಎಂದು ತೋರಿಸಿದರೆ ಟೇಪು ಶೇಕಡಾ 3ರಷ್ಟು ವೇಗವಾಗಿದೆಯೆಂದು ಖಚಿತವಾಗಿ ತಿಳಿಯುತ್ತದೆ, ಇಡೀ ಕಾನ್ಸರ್ಟಿನ ಶ್ರುತಿಯನ್ನು ಅದರಿಂದಲೇ ಸರಿಪಡಿಸಬಹುದು. ಅದರ ಹಿಂದೆಯೇ ನಿರೂಪಕರು ಗ್ರೀನಿಚ್ ವೇಳೆ ಹದಿನೈದು ಗಂಟೆ ಎಂದರೆ ಕೆಜಿಎಫ್‌ನಲ್ಲಿ ಆಗ ರಾತ್ರಿ ಎಂಟೂವರೆ. ಸುದ್ದಿಯ ಒಂದೆರಡು ಸಾಲು ಉಳಿದುಕೊಂಡಿದ್ದರೆ ಪ್ರಸಾರದ ದಿನಾಂಕವನ್ನೂ ಕಂಡುಹಿಡಿಯಬಹುದು. ಇಷ್ಟನ್ನೂ ಕತ್ತರಿಸಿ ಎಸೆದ ಮೇಲೆ ಪೆನ್ ಡ್ರೈವಿನಲ್ಲಿ ಉಳಿಯುವುದು ಊರು, ಹೊತ್ತು, ವರ್ಷ ಯಾವುದೂ ಇಲ್ಲದ ಹಾಡು.

ಗರಗರ ಸದ್ದಿನ ವಿಷಯವೂ ಹೀಗೆಯೇ. ಶಾರ್ಟ್‌ವೇವ್ ಅಲೆಗಳು ವಾಯುಮಂಡಲದ ಮೇಲ್ಭಾಗದಲ್ಲಿ ವಿದ್ಯುತ್ಕಣಗಳಿರುವ ಪದರವಾದ ಅಯಾನುಗೋಳಕ್ಕೆ ತಾಗಿ ಹಿಂದಿರುಗಿ ಬರುವುದರಿಂದ ಧ್ವನಿ ಏರಿಳಿಯುತ್ತದೆ. ಸ್ಟೇಷನ್ನುಗಳ ನಡುವೆ ಐದು ಕಿಲೋಹರ್ಟ್ಸ್ ಅಂತರವಷ್ಟೇ ಇರುತ್ತಿದ್ದುದರಿಂದ ಡ್ರಮ್ ಸೆಟ್ಟಿನ ಲೋಹದ ತಟ್ಟೆಯಾದ ಸಿಂಬಲ್‌ನ ಹೊಳಪಿನಂತಹ ಎತ್ತರದ ಸದ್ದುಗಳು ಬಹುಮಟ್ಟಿಗೆ ಮೊದಲೇ ಕಳೆದುಹೋಗಿರುತ್ತವೆ. ಸದ್ದು ಕಳೆಯುವ ತಂತ್ರಾಂಶಕ್ಕೆ ಉಳಿದ ಅಷ್ಟಿಷ್ಟು ಸಿಂಬಲ್ಲಿಗೂ ಗರಗರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಟ್ಟಿಗೆ ಉಜ್ಜಿಹಾಕಿ ನೀರಿನೊಳಗಿಂದ ಕೇಳಿಬರುವಂತಹ ಸಂಗೀತವನ್ನು ಕೊಡುತ್ತದೆ. ಶುಚಿಗೊಳಿಸಲೇಬೇಕೆಂದಿದ್ದರೆ ಬೇರೊಂದು ನಕಲಿನ ಮೇಲೆ ಶುಚಿಗೊಳಿಸಿ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಮಾಡಿದ ಮೊದಲ ವರ್ಗಾವಣೆ ಇದ್ದದ್ದು ಇದ್ದಂತೆಯೇ ಇರಲಿ.

ಈ ಕೆಲಸ ಮನೆಯಲ್ಲಿಯೇ ಆಗುವಂಥದ್ದು. ಯಂತ್ರಕ್ಕೆ ಹಾಕುವ ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಮೇಲೆ ಕೈತಪ್ಪಿ ಒತ್ತಿದರೂ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ಟೇಪನ್ನು ಹೆಡ್ಡಿಗೆ (ಯಂತ್ರದಲ್ಲಿ ಟೇಪನ್ನು ಓದುವ ಭಾಗಕ್ಕೆ) ಒತ್ತಿಹಿಡಿಯುವ ಪುಟ್ಟ ಫೆಲ್ಟ್ ತುಣುಕು ಉದುರಿದ್ದರೆ ಧ್ವನಿ ಮಂಕಾಗುತ್ತದೆ; ಹಾಳಾದ ಬೇರೊಂದು ಕ್ಯಾಸೆಟ್ಟಿನದನ್ನು ತೆಗೆದು ಹಾಕಬಹುದು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅದರ ಪಕ್ಕದ ಸಣ್ಣ ತಿರುಪನ್ನು ಚೂರುಚೂರೇ ತಿರುಗಿಸುತ್ತ, ನಿರೂಪಕರ ಬಾಯಿಂದ ‘ಸ’ಕಾರ ಹರಿತವಾಗಿ ಕೇಳುವ ಕಡೆ ನಿಲ್ಲಿಸಿ. ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳಿಗೆ ಹೆಡ್ಡಿನ ಕೋನವೂ ಬೇರೆಯಾಗಿರುವುದರಿಂದ ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ದುಡ್ಡಿಗೆ ಮಾಡುವವರು ಸಾಮಾನ್ಯವಾಗಿ ಇಷ್ಟು ತಾಳ್ಮೆ ತೋರುವುದಿಲ್ಲ. ಮುದ್ರಣ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿರಲಿ. ತೊಂಬತ್ತು ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ ಆಗುತ್ತದೆ. ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಇನ್ನೂ ಕಡಿಮೆ. ಎಂಪಿ3 ಕೇಳುವುದಕ್ಕೆ ಸಾಕು, ಕಾಪಿಡುವುದಕ್ಕೆ ಸಾಲದು.

ಇನ್ನು ಹಂಚಿಕೊಳ್ಳುವ ಮಾತು. ತಮ್ಮ ಪೆಟ್ಟಿಗೆಯಲ್ಲಿರುವುದೆಲ್ಲ ಅಪರೂಪದ್ದೇ ಆಗಿರಲಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಬಿಸಿಯು ಅನೇಕ ಕಾನ್ಸರ್ಟುಗಳನ್ನು ಡಿಸ್ಕುಗಳಲ್ಲಿ ಅಚ್ಚು ಹಾಕಿಸಿ ಹೊರದೇಶದ ಸ್ಟೇಷನ್ನುಗಳಿಗೆ ಕಳುಹಿಸುತ್ತಿತ್ತು. 1973ರಲ್ಲಿ ಆರಂಭವಾದ ಅಮೆರಿಕದ ‘ಕಿಂಗ್ ಬಿಸ್ಕಿಟ್ ಫ್ಲವರ್ ಅವರ್’ ಕಾರ್ಯಕ್ರಮವೂ ಹೀಗೆಯೇ ಸ್ಟೇಷನ್ನುಗಳಿಗೆ ಹಂಚಿಕೆಯಾಗುತ್ತಿತ್ತು. ಅಂತಹ ಡಿಸ್ಕಿನಿಂದ ತೆಗೆದ ಸ್ಟೀರಿಯೊ ಪ್ರತಿ ಇರುವಾಗ ಶಾರ್ಟ್‌ವೇವ್‌ನ ಪ್ರತಿಯನ್ನು ಸಂಗೀತಕ್ಕಾಗಿ ಯಾರೂ ಹುಡುಕುವುದಿಲ್ಲ. ಆದರೆ ಮೂಲವೇ ಅಳಿದುಹೋದ ಉದಾಹರಣೆಗಳೂ ಇವೆ. 1969ರಲ್ಲಿ ಬಿಬಿಸಿ ವಿಶ್ವಸೇವೆಯಲ್ಲಿ ಪ್ರಸಾರವಾದ, ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ ಸ್ಟುಡಿಯೊ ಮುದ್ರಣವೊಂದರ ಮೂಲ ಟೇಪು ಉಳಿಯಲಿಲ್ಲ. 2016ರ ಅಧಿಕೃತ ಸಂಗ್ರಹದಲ್ಲಿ ಅದನ್ನು ಸೇರಿಸುವಾಗ ಆಧಾರವಾದದ್ದು ಅಭಿಮಾನಿಯೊಬ್ಬರು ರೇಡಿಯೊದಿಂದ ಹಿಡಿದಿಟ್ಟಿದ್ದ ಪ್ರತಿ. ಸಣ್ಣ ಲಾಭವೂ ಒಂದುಂಟು. ಸಿ-90 ಕ್ಯಾಸೆಟ್ಟನ್ನು ನಲವತ್ತೈದನೆಯ ನಿಮಿಷಕ್ಕೆ ತಿರುಗಿಸಿ ಹಾಕುವಷ್ಟರಲ್ಲಿ ಹಾಡಿನ ಒಂದು ತುಂಡು ಎಲ್ಲರಿಗೂ ತಪ್ಪುತ್ತಿತ್ತು. ಬೇರೊಂದು ಊರಿನಲ್ಲಿ ಬೇರೊಬ್ಬರು ಬೇರೆ ಕ್ಷಣದಲ್ಲಿ ತಿರುಗಿಸಿದ್ದರೆ ಎರಡು ಪ್ರತಿಗಳನ್ನು ಕೂಡಿಸಿ ಕಾನ್ಸರ್ಟನ್ನು ಇಡಿಯಾಗಿ ಕಟ್ಟಬಹುದು. ಅಭಿಮಾನಿಗಳು ಪ್ರತಿ ಕೇಳುವುದಕ್ಕೆ ಇದೂ ಒಂದು ಕಾರಣ.

ಕಾನೂನು ಪೂರ್ತಿ ತಮ್ಮ ಪರವಾಗಿಲ್ಲ, ಪೂರ್ತಿ ವಿರುದ್ಧವಾಗಿಯೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 39ನೇ ಕಲಮಿನ ಪ್ರಕಾರ ಪ್ರಸಾರವನ್ನು ಸ್ವಂತ ಬಳಕೆಗೆ ಮುದ್ರಿಸಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ. ಪ್ರಸಾರಕರ ಹಕ್ಕು 25 ವರ್ಷ, ಪ್ರದರ್ಶನಕಾರರ ಹಕ್ಕು 50 ವರ್ಷ, ಹಾಡು ಕಟ್ಟಿದವರ ಹಕ್ಕು ಅವರ ಜೀವಿತದ ನಂತರವೂ 60 ವರ್ಷ. ಈ ಲೆಕ್ಕದಲ್ಲಿ 1985ರ ಪ್ರಸಾರದ ಮೇಲೆ ಸ್ಟೇಷನ್ನಿನ ಹಕ್ಕು 2010ಕ್ಕೇ ತೀರಿದ್ದರೂ ತಂಡದವರ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಆದ್ದರಿಂದ ಮಾರುವ ಮಾತು ಬೇಡವೇ ಬೇಡ, ಸಾರ್ವಜನಿಕವಾಗಿ ಹಾಕುವ ಮುನ್ನ ಆ ತಂಡದ ನಿಲುವೇನೆಂದು ನೋಡಿಕೊಳ್ಳಬೇಕು. ಅಮೆರಿಕದ ಗ್ರೇಟ್‌ಫುಲ್ ಡೆಡ್ ರಾಕ್ ತಂಡ 1984ರಿಂದ ತನ್ನ ಕಾನ್ಸರ್ಟುಗಳಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟಿತ್ತು, ಮಾರಬಾರದೆಂಬ ಷರತ್ತಿನೊಂದಿಗೆ. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ 2002ರಲ್ಲಿ ಲೈವ್ ಸಂಗೀತಕ್ಕಾಗಿ ತೆರೆದ ಸಂಗ್ರಹವೂ ಒಪ್ಪಿಗೆಯಿತ್ತ ತಂಡಗಳದ್ದನ್ನೇ ಇಡುತ್ತದೆ. ಎಲ್ಲ ತಂಡಗಳೂ ಇಷ್ಟು ಉದಾರಿಗಳಲ್ಲ. ತಂಡವೇ ಅಧಿಕೃತವಾಗಿ ಹೊರತಂದಿರುವುದನ್ನು ಹಂಚದಿರುವುದು ಅಭಿಮಾನಿಗಳೇ ಹಾಕಿಕೊಂಡ ಕಟ್ಟಳೆ, ಅದು ನ್ಯಾಯವೂ ಹೌದು.

ಪ್ರತಿ ಕೊಡುವಾಗ ಅದರ ವಂಶಾವಳಿಯನ್ನೂ ಬರೆದು ಕೊಡಿ: ಯಾವ ರೇಡಿಯೊ, ಯಾವ ಕ್ಯಾಸೆಟ್ಟು, ಅಣ್ಣನವರೇ ಮುದ್ರಿಸಿದ್ದೋ ಸ್ನೇಹಿತರಿಂದ ಪಡೆದ ನಕಲೋ, ಈಗ ಯಾವ ಯಂತ್ರದಿಂದ ವರ್ಗಾಯಿಸಿದ್ದು. ಕವರಿನ ಚೀಟಿಯ ಮೇಲೆ ಅವರು ಪೆನ್ನಿನಲ್ಲಿ ಬರೆದಿರುವ ಮೀಟರ್ ಬ್ಯಾಂಡು (ಶಾರ್ಟ್‌ವೇವ್‌ನ ಯಾವ ಪಟ್ಟಿಯಲ್ಲಿ ಕೇಳಿದ್ದು ಎಂಬ ಗುರುತು), ದಿನಾಂಕಗಳ ಚಿತ್ರವನ್ನೂ ತೆಗೆದಿಡಿ. ವರ್ಗಾವಣೆ ಮುಗಿಯಿತೆಂದು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬೇಡಿ, ಅಯಸ್ಕಾಂತವಿರುವ ಸ್ಪೀಕರಿನ ಹತ್ತಿರವೂ ಇಡಬೇಡಿ.

ಆ ಚೀಟಿಗಳ ಪಟ್ಟಿಯನ್ನು ನಮಗೂ ಕಳುಹಿಸಿದರೆ ಬರುವ ಸಂಚಿಕೆಯಲ್ಲಿ ಒಂದು ಪುಟ ಮೀಸಲಿಡುತ್ತೇವೆ. ಬಂಗಾರಪೇಟೆ, ಮಾಲೂರು, ಮುಳಬಾಗಿಲುಗಳಲ್ಲಿ ಅದೇ ರಾತ್ರಿ ಅದೇ ಸ್ಟೇಷನ್ನು ಹಾಕಿಕೊಂಡು ಕುಳಿತಿದ್ದವರು ಇದ್ದರೆ ಅವರ ಪತ್ರಗಳನ್ನು ತಮಗೆ ತಲುಪಿಸುವ ಹೊಣೆ ನಮ್ಮದು.

— ಸಂಪಾದಕ