ಶುಗರ್‌ಗೂ ಅಂಗವೈಕಲ್ಯ ಪಿಂಚಣಿ ಕೇಳಬಹುದಾ? ಒಬ್ಬ ಮಾಜಿ ಹವಾಲ್ದಾರರ ಪ್ರಕರಣ

ಇವರು ಉತ್ತರ ಕರ್ನಾಟಕದವರು. ಸೇನೆಯಲ್ಲಿ ಹವಾಲ್ದಾರರಾಗಿದ್ದು 2019ರಲ್ಲಿ ನಿವೃತ್ತರಾದರು. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಕರೆತಂದವರು ಅವರ ಹೆಂಡತಿ. ಪಿಂಚಣಿ ವಿಷಯಕ್ಕೆ ಬಂದದ್ದಲ್ಲ. ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ರೇಗುತ್ತಾರೆ, ಶುಗರ್ ಮಾತ್ರೆ ಸರಿಯಾಗಿ ತಗೊಳ್ಳಲ್ಲ, ಊರಿನ ಮಾಜಿ ಸೈನಿಕರ ಜೊತೆ ಕೂರುವುದನ್ನೂ ಬಿಟ್ಟಿದ್ದಾರೆ ಅಂತ ಆಕೆ ಹೇಳಿದರು.

ಮಾತಾಡುತ್ತ ಹೋದಂತೆ ಒಂದು ಕಾಗದದ ವಿಷಯ ಹೊರಬಂತು. ನಿವೃತ್ತಿ ವೇಳೆ ವೈದ್ಯಕೀಯ ಮಂಡಳಿ ಇವರ ಟೈಪ್ 2 ಡಯಾಬಿಟಿಸ್‌ಗೆ ಜೀವನಪರ್ಯಂತ ಶೇ. 20 ಅಂಗವೈಕಲ್ಯ ಎಂದು ಬರೆದಿತ್ತು. ಅದರ ಕೆಳಗೇ, ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ, ಜೀವನಶೈಲಿಯ ಕಾಯಿಲೆ ಎಂದಿತ್ತು. ಹಾಗಾಗಿ ಪಿಂಚಣಿಯ ಅಂಗವೈಕಲ್ಯ ಭಾಗ, ಅಂದರೆ ಸೇವೆಗೆ ಸಂಬಂಧಿಸಿದ ಕಾಯಿಲೆಗೆ ಮಾಮೂಲಿ ಪಿಂಚಣಿ ಜೊತೆ ಕೊಡುವ ಹೆಚ್ಚುವರಿ ಹಣ, ಸಿಗಲಿಲ್ಲ.

ಇವರು ಆ ಸಾಲನ್ನು 'ತಪ್ಪು ನಿನ್ನದೇ' ಅಂತ ಓದಿಕೊಂಡಿದ್ದರು. "ಮೇಡಂ, ಶುಗರ್ ಯಾರಿಗಿಲ್ಲ ಹೇಳ್ರಿ? ಕಾಲು ಕಳಕೊಂಡವ್ರು ಅದಾರ. ನಾ ಹೋಗಿ ಶುಗರ್ ಅಂತ ಕೈ ಚಾಚಲೇನ್ರಿ?" ಅಂದರು. ನನಗೆ ತುಂಬಾ ಬೇಸರವಾದದ್ದು ಈ ಮಾತಿಗೆ. ಇನ್ಸುಲಿನ್ ಹಾರ್ಮೋನು ಸರಿಯಾಗಿ ಕೆಲಸ ಮಾಡದಿರುವುದು ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಸುಸ್ತು, ಪಾದದ ಉರಿ, ಮಂಜಾಗುವ ಕಣ್ಣು ಎಲ್ಲವೂ ಇವರ ಮೈಮೇಲೇ ಇವೆ, ಅಲ್ವಾ?

ಮುಂದಿನ ಸಲ ಬರುವಾಗ ಕಾಗದ ಎಲ್ಲಾ ತನ್ನಿ ಎಂದೆ. ಮೇಜಿನ ಮೇಲೆ ಹರಡಿ ಇಬ್ಬರೂ ಓದಿದೆವು. ಮಂಡಳಿಯ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ: ವ್ಯಕ್ತಿಯ ಸ್ವಂತ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಕಾಯಿಲೆ ಬಂತೇ? ಇವರ ಫಾರಂನಲ್ಲಿ ಅದರ ಮುಂದೆ 'ಇಲ್ಲ' ಎಂದಿತ್ತು. ಇಷ್ಟು ವರ್ಷ ಅವರು ಅದನ್ನು ಗಮನಿಸಿರಲೇ ಇಲ್ಲ. ಬೆರಳಿಟ್ಟು ಎರಡು ಸಲ ಓದಿಕೊಂಡರು.

ಆಮೇಲೆ ಪೋಸ್ಟಿಂಗ್ ವಿವರವನ್ನೂ ಆಸ್ಪತ್ರೆ ಕಾಗದಗಳನ್ನೂ ಪಕ್ಕಪಕ್ಕ ಇಟ್ಟೆವು. ಶುಗರ್ ಪತ್ತೆಯಾದದ್ದು ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಶಾಂತ ಪ್ರದೇಶದ ನೆಲೆಯಲ್ಲಿ. ಮಂಡಳಿ ಹಿಡಿದುಕೊಂಡದ್ದೂ ಅದನ್ನೇ. ಆದರೆ ಪತ್ತೆಯಾದ ಮೇಲೂ ಇವರನ್ನು ಜಮ್ಮು-ಕಾಶ್ಮೀರದ ಫೀಲ್ಡ್ (ಕಾರ್ಯಾಚರಣೆಯ) ಪ್ರದೇಶಕ್ಕೆ ಕಳಿಸಲಾಗಿತ್ತು. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಪಥ್ಯ ಎಲ್ಲಿಂದ ಬರಬೇಕು? ಸೇನಾ ವೈದ್ಯರು ಪಾಲಿಸುವ ಮಾರ್ಗಸೂಚಿಯೇ ಟೈಪ್ 2 ಡಯಾಬಿಟಿಸ್ ವಿಷಯದಲ್ಲಿ ಫೀಲ್ಡ್ ಹಾಗೂ ಎತ್ತರದ ಪ್ರದೇಶದ ಸೇವೆಯನ್ನು ಲೆಕ್ಕಕ್ಕೆ ತಗೊಳ್ಳುತ್ತದೆ. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಸೈನಿಕ ಆರೋಗ್ಯವಾಗಿದ್ದ ಎಂದೇ ಭಾವಿಸಬೇಕು, ಸೇವೆಗೆ ಸಂಬಂಧವಿಲ್ಲ ಎನ್ನುವ ಮಂಡಳಿ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಹೇಳಿದೆ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಮಂಡಳಿ ವರದಿಯ ಪೂರ್ತಿ ಪ್ರತಿ ಇಲ್ಲದಿದ್ದರೆ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಯಿಂದ ಕೇಳಿ ತರಿಸಿ. ಮೇಲ್ಮನವಿಯ ಅವಧಿ ಮುಗಿದಿದೆ, ಆದ್ದರಿಂದ ತಡವಾದ ಕಾರಣವನ್ನೂ ಬರೆದು ಸಲ್ಲಿಸಿ. ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಅದಕ್ಕೆ ಈ ವಿಷಯ ಬಲ್ಲ ವಕೀಲರೇ ಬೇಕು. ಗೆದ್ದರೆ ಶೇ. 20 ಅನ್ನು ಶೇ. 50ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು 2014ರ ರಾಮ್ ಅವತಾರ್ ತೀರ್ಪು ಹೇಳಿದೆ. ಹಿಂಬಾಕಿಯನ್ನು ಮಾತ್ರ ಹಿಂದೆ ಅನೇಕ ಪ್ರಕರಣಗಳಲ್ಲಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕಷ್ಟೇ ಸೀಮಿತಗೊಳಿಸಿದ್ದರು. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ, ಅವರು ಪ್ರತ್ಯೇಕವಾಗಿ ವಿಚಾರಿಸಬೇಕು.

ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಿಲ್ಲ. ಅರ್ಜಿಯ ಫಲಿತಾಂಶ ಏನೇ ಬರಲಿ, ಮಾತ್ರೆ ಬಿಡುವುದು ಬೇಡ ಎಂದು ಮಾತ್ರ ಒತ್ತಿ ಹೇಳಿದೆ. ಶುಗರ್ ಏರುಪೇರಾದರೆ ಸಿಟ್ಟು, ನಿದ್ದೆ ಎರಡೂ ಕೆಡುತ್ತವೆ. ಮನಸ್ಸು ಕುಗ್ಗಿದರೆ ಶುಗರ್ ನೋಡಿಕೊಳ್ಳುವ ಹುಮ್ಮಸ್ಸೂ ಹೋಗುತ್ತದೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ಪಾದ ಮತ್ತು ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಲು, ಖಿನ್ನತೆಯ ಬಗ್ಗೆಯೂ ಅಲ್ಲಿನ ವೈದ್ಯರಲ್ಲಿ ಬಾಯಿಬಿಟ್ಟು ಹೇಳಲು ಒಪ್ಪಿಸಿದೆ.

ಈಗ ಮೇಲ್ಮನವಿ ಹೋಗಿದೆ, ಉತ್ತರ ಬಂದಿಲ್ಲ. ಅದೇ ಮಂಡಳಿ ಸಾಲು ಬರೆಸಿಕೊಂಡ ನಾಯಕ್ ಹುದ್ದೆಯಿಂದ ನಿವೃತ್ತರಾದ ಇನ್ನೊಬ್ಬ ಮಾಜಿ ಸೈನಿಕರನ್ನು, ಅವರಿಗೆ ಥೈರಾಯ್ಡ್, ಹೋದ ವಾರ ಇವರೇ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿದ್ದರು.