ತಾನೇ ಓಡುವ ಕಾರು ಬರುವತನಕ ಕಾರು ಕೊಳ್ಳದೆ ತಡೆಯಬೇಕೇ?

ಕಲಬುರಗಿಯಿಂದ ಸೇಡಂಗೆ ದಿನಾ ಅಪ್-ಡೌನ್ ಮಾಡುತ್ತೀರಿ. ಸಾಲ ಮಾಡಿ ಕಾರು ತಗೊಳ್ಳಬೇಕೋ, ಚಾಲಕನಿಲ್ಲದ ಕಾರು ಬಾಡಿಗೆಗೆ ಸಿಗುವತನಕ ತಡೆಯಬೇಕೋ ಎಂದು ಕೇಳಿದ್ದೀರಿ. ತಡೆಯಬೇಡಿ. ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದವನು ನಾನು.

ಅಮೆರಿಕದ ಫೀನಿಕ್ಸ್ ನಗರದಲ್ಲಿ ವೇಮೋ ಕಂಪನಿಯ ಟ್ಯಾಕ್ಸಿಗಳು 2020ರಿಂದಲೇ ಚಾಲಕರಿಲ್ಲದೆ ಸಾರ್ವಜನಿಕರನ್ನು ಕರೆದೊಯ್ಯುತ್ತಿವೆ. ಅಲ್ಲಿ ಪ್ರತಿ ಬೀದಿಯ ಸೂಕ್ಷ್ಮ ನಕ್ಷೆ ಮೊದಲೇ ಸಿದ್ಧವಿರುತ್ತದೆ, ಗಾಡಿ ಗೊಂದಲಕ್ಕೆ ಬಿದ್ದರೆ ದೂರದ ಕಚೇರಿಯಲ್ಲಿ ಕುಳಿತ ಸಿಬ್ಬಂದಿ ದಾರಿ ತೋರಿಸುತ್ತಾರೆ. ಈಗ ನಿಮ್ಮ ದಾರಿಯ ಮಳಖೇಡದಲ್ಲಿ ಕಾಗಿಣಾ ಹೊಳೆಯ ಸೇತುವೆ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಹೊಳೆ ಏರಿದಾಗ ಕ್ರೂಸರ್ ಜೀಪಿನ ಡ್ರೈವರ್ ಗಾಡಿ ನಿಲ್ಲಿಸಿ ಕೆಳಗಿಳಿಯುತ್ತಾನೆ. ನೀರು ಎಲ್ಲಿಗೆ ಬಂದಿದೆ ನೋಡುತ್ತಾನೆ, ಅಲ್ಲಿ ನಿಂತ ಊರವರನ್ನು ಕೇಳುತ್ತಾನೆ, ಆಮೇಲೆ ಗಾಡಿ ತಿರುಗಿಸುತ್ತಾನೆ. ರಾಶಿ ದಿನಗಳಲ್ಲಿ ರಸ್ತೆ ಮೇಲೆ ತೊಗರಿ ಗಿಡ ಹರವಿದ್ದರೆ ಅದರ ಮೇಲೇ ನಿಧಾನ ಹಾಯಿಸುತ್ತಾನೆ. ಕ್ಯಾಮೆರಾ, ಲೇಸರ್ ನಂಬಿದ ಗಾಡಿಗೆ ಅದು ಅಡ್ಡ ಬಿದ್ದ ವಸ್ತು. ಇದನ್ನೆಲ್ಲ ಕಲಿಸಬಹುದು, ಆದರೆ ನಿಮ್ಮ ಸಾಲ ತೀರುವಷ್ಟರಲ್ಲಿ ಅಲ್ಲ.

ನಮ್ಮ ಜಿಲ್ಲೆಗೆ ಚಾಲಕನಿಲ್ಲದ ಗಾಡಿ ಮೊದಲು ಬಂದರೆ ಸುಣ್ಣದ ಕಲ್ಲಿನ ಗಣಿಗಳಿಗೆ ಬರಬಹುದು ಎಂದು ನನ್ನ ಅಂದಾಜು. ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಗಣಿಗಳಲ್ಲಿ ದೊಡ್ಡ ಡಂಪರ್‌ಗಳು ಈಗಾಗಲೇ ಚಾಲಕರಿಲ್ಲದೆ ಓಡುತ್ತಿವೆ. ಬೇಲಿಯೊಳಗಿನ ದಾರಿ, ಅಡ್ಡ ಬರುವ ದನವಿಲ್ಲ, ಮಕ್ಕಳಿಲ್ಲ.

ಇನ್ನು, ತಾನೇ ಓಡುವ ಕಾರು ಬಂದರೆ ಸ್ವಂತ ಕಾರು ಬೇಡವಾಗುತ್ತದೆ, ರಸ್ತೆ ಖಾಲಿಯಾಗುತ್ತದೆ ಅನ್ನುವ ಮಾತು. ಕಲಬುರಗಿಯಲ್ಲೇ ಡ್ರೈವರ್ ಇಟ್ಟುಕೊಂಡವರ ಮನೆ ನೋಡಿ: ಕಾರು ಮಕ್ಕಳನ್ನು ಶಾಲೆಗೆ ಬಿಟ್ಟು ಖಾಲಿ ಬರುತ್ತದೆ, ಸೂಪರ್ ಮಾರ್ಕೆಟ್‌ಗೆ ಹೋಗಿ ಒಂದು ಸಾಮಾನು ತರುತ್ತದೆ, ಮತ್ತೆ ಶಾಲೆಗೆ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ 13 ಜನರಿಗೆ ಒಂದು ವಾರ ಪುಕ್ಕಟೆ ಡ್ರೈವರ್ ಕೊಟ್ಟು ನೋಡಿದ ಸಂಶೋಧಕರು 2018ರಲ್ಲಿ ಫಲಿತಾಂಶ ಪ್ರಕಟಿಸಿದರು: ಕಾರು ಓಡಿದ ದೂರ ಶೇ 83ರಷ್ಟು ಹೆಚ್ಚಿತ್ತು. ಸಣ್ಣ ಪ್ರಯೋಗ, ನಿಜ. ಆದರೆ ಮನುಷ್ಯ ಸ್ವಭಾವ ಅಲ್ಲಿಯೂ ಇಲ್ಲಿಯೂ ಬೇರೆಯಲ್ಲ. ಮನೆಗೊಂದು ಇಂಥ ಕಾರು ಬಂದರೆ ಜಗತ್ ಸರ್ಕಲ್‌ನಲ್ಲಿ ಸಂಜೆ ಕಾಲಿಡಲಾಗದು.

ನಾಲ್ಕಾರು ಜನ ಹಂಚಿಕೊಂಡು ಹೋಗುವ ಸಣ್ಣ ಗಾಡಿಯಾಗಿ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಜನ ಸಾಲ ಮಾಡಿ ಕಾರು, ಬೈಕು ಕೊಳ್ಳುವುದು ಬಹಳ ಸಲ ಕೊನೆಯ ಬಸ್ಸಿನ ಭಯಕ್ಕೆ. ಮೇನ್ ರೋಡಿಗೆ ಇಳಿದು ಒಳಗಿನ ಹಳ್ಳಿಗೆ ಕತ್ತಲಲ್ಲಿ ಹೋಗುವುದು ಹೇಗೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಹೋಯಿತು, ಈ ಚಿಂತೆ ಹೋಗಲಿಲ್ಲ. ರಾತ್ರಿ ಹತ್ತರವರೆಗೆ ಆ ದಾರಿಗೆ ಗಾಡಿ ಖಾತ್ರಿ ಎಂದಾದರೆ ಎಷ್ಟೋ ಮನೆಗಳಿಗೆ ಸ್ವಂತ ವಾಹನ ಬೇಕಿಲ್ಲ.

ಆದರೆ ಆ ಕೆಲಸಕ್ಕೆ ಚಾಲಕನನ್ನು ತೆಗೆಯಲೇಬೇಕೆಂದು ನನಗೆ ಅನ್ನಿಸುವುದಿಲ್ಲ. ಚಾಲಕರ ಕೆಲಸ ಹೋಗುತ್ತದೆಂದು ಚಾಲಕರಹಿತ ಕಾರಿಗೆ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ನಮ್ಮಲ್ಲಿ ಜನರನ್ನು ಊರೂರಿಗೆ ಒಯ್ಯುವ ಒಂದು ಟಂಟಂ ಆಟೊ ಅಂದರೆ ಒಂದು ಮನೆಯ ಒಲೆ. ಮುದುಕಿ ಓಡಿ ಬರುತ್ತಿದ್ದರೆ ಗಾಡಿ ನಿಲ್ಲಿಸುವವನು, ಊರಿಗೆ ಔಷಧಿ ಚೀಲ ಮುಟ್ಟಿಸುವವನು ಅದರ ಡ್ರೈವರೇ.

ಈಗ ನಿಮ್ಮ ಕಾರು. ಅದೇ ಹೊತ್ತಿಗೆ ಹೋಗುವ ಇಬ್ಬರು ಮೂವರು ಸಹೋದ್ಯೋಗಿಗಳನ್ನು ಮೊದಲು ಹುಡುಕಿ, ಎಣ್ಣೆ ಖರ್ಚು ಹಂಚಿಕೊಳ್ಳಿ. ಲೇನ್ ಹಿಡಿದು ಓಡಿಸುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಡಿ, ಅದಕ್ಕೆ ಬೇಕಾದ ಬಿಳಿ ಗೆರೆ ನಮ್ಮ ರಸ್ತೆಗಳಲ್ಲಿ ಎಲ್ಲೆಡೆ ಇಲ್ಲ. ಮುಂದಿನ ಗಾಡಿ ಕಂಡು ತಾನೇ ಬ್ರೇಕ್ ಹಾಕುವ ಸೌಲಭ್ಯ ಕೈಗೆಟಕಿದರೆ ತಗೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಆ ರಸ್ತೆಯಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್‌ಗಳು ಓಡುತ್ತವೆ. ಟೆಸ್ಟ್ ಡ್ರೈವ್‌ಗೆ ಕತ್ತಲಾದ ಮೇಲೆ ಹೋಗಿ ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ ನೋಡಿಕೊಳ್ಳಿ.