ನಿಮ್ಮ ಲೇಖನ ಶುರುವಾಗುವುದು ಒಂಬತ್ತನೇ ಪುಟದಲ್ಲಿ

ಪ್ರಿಯರೇ, ನಮಸ್ಕಾರ.

ನೀವು ಕಳಿಸಿದ ‘ಅಂತ್ಯಸಂಸ್ಕಾರ: ಈಜಿಪ್ಟಿನಿಂದ ಇಂದಿನವರೆಗೆ’ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಒಂದು ಸಲ ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ, ಇನ್ನೊಂದು ಸಲ ಗದಗಿಗೆ ಹೋಗುವ ಬಸ್ಸಿನಲ್ಲಿ. ಈಗ ಇರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಕೊನೆಯ ಸಾಲಿನವರೆಗೆ ಕಾಯಿಸುವುದು ಯಾಕೆ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ‘ವಿಷಾದವಿದೆ’ ಅಂತ ಒಂದು ಸಾಲು ಬರೆದು ವಾಪಸ್ ಕಳಿಸುವಂಥ ಲೇಖನವೂ ಇದಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ಹನ್ನೊಂದು ಪುಟ ಬರೆದಿದ್ದೀರಿ. ಮೊದಲ ಎಂಟು ಪುಟದಲ್ಲಿ ಪಿರಮಿಡ್ಡು, ಮಮ್ಮಿ, ರೋಮ್, ಟಿಬೆಟ್ಟಿನ ರಣಹದ್ದು, ಏನುಂಟು ಏನಿಲ್ಲ! ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತಲ್ಲ ಅಂದುಕೊಳ್ಳುತ್ತಲೇ ಪುಟ ತಿರುವಿದೆ. ಒಂಬತ್ತನೇ ಪುಟದ ನಡುವೆ, ಏನೋ ನೆನಪಾಯಿತು ಅನ್ನುವವರ ಹಾಗೆ, ಆರು ಸಾಲು ಬಂತು. ನಿಮ್ಮದು ಹೆಣವನ್ನು ಕೂರಿಸಿ ಹೂಳುವ ಲಿಂಗಾಯತ ಮನೆ. ರಾಣೆಬೆನ್ನೂರಿನ ಹತ್ತಿರದ ನಿಮ್ಮ ಊರಿನಲ್ಲಿ ಅಜ್ಜಿ ತೀರಿಕೊಂಡ ರಾತ್ರಿ. ಓಣಿಯ ಇಬ್ಬರು ಹಿರಿಯರು ಓಡಿ ಬಂದು, “ಮೈ ಸೆಟಕೊಳ್ಳೋದ್ರಾಗ ಕುಂದರಸ್ರಿ” ಅಂದದ್ದು. ಅಜ್ಜಿಯ ಕಾಲು ಮಡಚಿ, ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ಬಟ್ಟೆಯ ಪಟ್ಟಿ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದು. ಆಮೇಲೆ ಒಂದೇ ವಾಕ್ಯ: ‘ಎರಡು ವರ್ಷದ ನಂತರ ದುಬೈನಲ್ಲಿ ತೀರಿಕೊಂಡ ಕಾಕಾನನ್ನು ಮಾತ್ರ ಕೂರಿಸಲು ಆಗಲಿಲ್ಲ, ಮಲಗಿಸಿಯೇ ಮಣ್ಣು ಮಾಡಿದೆವು.’

ಇಷ್ಟು ಬರೆದು ನೀವು ಮತ್ತೆ ಈಜಿಪ್ಟಿಗೆ ಹೋಗಿಬಿಟ್ಟಿರಿ. ಬಸ್ಸು ಅಣ್ಣಿಗೇರಿ ದಾಟಿದರೂ ನಾನು ಆ ವಾಕ್ಯ ದಾಟಿರಲಿಲ್ಲ.

ಯಾಕೆ ಕೂರಿಸಲು ಆಗಲಿಲ್ಲ? ನೀವು ಹೇಳಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ, ಬಿಡಿಸಿ ಹೇಳಬೇಕು ಅಂತ ಅನ್ನಿಸಿರಲಿಕ್ಕಿಲ್ಲ. ಓದುವವರಿಗೆ ಗೊತ್ತಿಲ್ಲ ನೋಡಿ. ಜೀವ ಹೋದ ಎರಡು-ಮೂರು ತಾಸಿಗೆ ದವಡೆ, ಕುತ್ತಿಗೆ ಬಿಗಿಯತೊಡಗುತ್ತವೆ. ಹನ್ನೆರಡು ತಾಸಿನ ಹೊತ್ತಿಗೆ ಮೈಯೆಲ್ಲ ಕಟ್ಟಿಗೆಯಾಗುತ್ತದೆ. ಒಂದೆರಡು ದಿನ ಕಳೆದರೆ ಮತ್ತೆ ತಾನಾಗಿಯೇ ಸಡಿಲವಾಗುತ್ತದೆ. ಓಣಿಯ ಹಿರಿಯರು ಅವಸರ ಮಾಡಿದ್ದು ಇದಕ್ಕೇ. ಕೊಳೆಯದ ಹಾಗೆ ಔಷಧಿ ಏರಿಸಿದ, ಅಂದರೆ ಎಂಬಾಮಿಂಗ್ ಆದ ಮೈ ಮಾತ್ರ ಹಾಗೆ ಸಡಿಲಗೊಳ್ಳುವುದಿಲ್ಲ. ರಕ್ತನಾಳದ ಮೂಲಕ ಏರಿಸುವ ಫಾರ್ಮಾಲಿನ್ ಮಾಂಸದೊಳಗಿನ ಪ್ರೋಟೀನನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಮೈ ಕೊಳೆಯದೆ ಉಳಿಯುವುದು ಆ ಹೆಣಿಗೆಯಿಂದ. ಮಡಚಲು ಬಾರದ ಹಾಗೆ ಆಗುವುದೂ ಅದರಿಂದಲೇ. ನಿಮ್ಮ ಕಾಕಾನನ್ನು ಅಲ್ಲಿ ಮೇಜಿನ ಮೇಲೆ ಮಲಗಿಸಿ ಆ ಕೆಲಸ ಮಾಡಿದ್ದಾರೆ, ಮಲಗಿದ ಆಕಾರವೇ ಖಾಯಂ ಆಗಿದೆ. ವಿಮಾನದಲ್ಲಿ ಹೆಣ ಬರಬೇಕಾದರೆ ಎಂಬಾಮಿಂಗ್ ಪ್ರಮಾಣಪತ್ರ ಬೇಕು. ನಿಮ್ಮ ಊರಿನವರಿಗೆ ಪದ್ಮಾಸನ ಬೇಕು. ಕಾಕಾ ಇಬ್ಬರ ನಡುವೆ ಸಿಕ್ಕಿಕೊಂಡರು.

ಬರೆಯಬೇಕಾದದ್ದು ಇದನ್ನು. ಎಂಬಾಮಿಂಗ್ ಅನ್ನುವ ಸಾವಿರಾರು ವರ್ಷದ ಕಥೆ ಹಾವೇರಿ ಜಿಲ್ಲೆಯ ಒಂದು ಕುಣಿಯ ಅಂಚಿಗೆ ಬಂದು ನಿಂತಿತ್ತು, ನೀವು ಅಲ್ಲೇ ಇದ್ದಿರಿ. ಈಜಿಪ್ಟಿನ ಬಗ್ಗೆ ಬರೆಯಲು ನೂರು ಜನ ಇದ್ದಾರೆ. ಆ ಪೆಟ್ಟಿಗೆ ಬಿಚ್ಚುವಾಗ ನಿಂತು ನೋಡಿದವರು ನಮ್ಮ ಪತ್ರಿಕೆಗೆ ಬರೆಯುವವರಲ್ಲಿ ಇನ್ನೊಬ್ಬರಿಲ್ಲ.

ಹಾಗಂತ ಈಜಿಪ್ಟನ್ನು ಪೂರ್ತಿ ಕಿತ್ತು ಹಾಕಬೇಡಿ. ಎಂಟು ಪುಟ ಇದ್ದದ್ದು ಎರಡು ಪ್ಯಾರಾ ಆಗಲಿ, ಮತ್ತೆ ಅದರಲ್ಲಿನ ತಪ್ಪು ತಿದ್ದಿ. ಹೃದಯವನ್ನು ತೆಗೆದು ಜಾಡಿಯಲ್ಲಿ ಇಡುತ್ತಿದ್ದರು ಅಂತ ಬರೆದಿದ್ದೀರಿ. ತಲೆಕೆಳಗಾಗಿದೆ. ಜಾಡಿಗೆ ಹೋಗುತ್ತಿದ್ದದ್ದು ಶ್ವಾಸಕೋಶ, ಯಕೃತ್ತು, ಜಠರ, ಕರುಳು. ಹೃದಯವನ್ನು ಮೈಯಲ್ಲೇ ಬಿಡುತ್ತಿದ್ದರು, ಸತ್ತ ಮೇಲೆ ಅದನ್ನು ತಕ್ಕಡಿಯಲ್ಲಿ ತೂಗುತ್ತಾರೆ ಅನ್ನುವ ನಂಬಿಕೆ ಅವರದು. ಮಿದುಳಿಗೆ ಮಾತ್ರ ಕವಡೆ ಕಿಮ್ಮತ್ತಿರಲಿಲ್ಲ. ಮೂಗಿನಿಂದ ಕೊಕ್ಕೆ ತೂರಿಸಿ ಎಳೆದು ಬಿಸಾಕುತ್ತಿದ್ದರು. ನೀವು ‘ವಿಶೇಷ ರಾಸಾಯನಿಕ’ ಅಂತ ತೇಲಿಸಿಬಿಟ್ಟಿರುವುದು ನೇಟ್ರಾನ್ ಅನ್ನುವ ಉಪ್ಪು. ಬತ್ತಿದ ಕೆರೆಗಳ ತಳದಲ್ಲಿ ಸಿಗುತ್ತಿತ್ತು. ಮೈಯೊಳಗಿನ ನೀರನ್ನು ಹೀರುವುದು ಅದರ ಕೆಲಸ, ಸಂಡಿಗೆ ಒಣಗಿದಂತೆ ಮೈ ಒಣಗಬೇಕು. ಎಲ್ಲಾ ಸೇರಿ 70 ದಿನ. ನಮ್ಮ ಕಡೆಯೂ ಕುಣಿಗೆ ಉಪ್ಪು ಸುರಿಯುತ್ತಾರಲ್ವಾ? ಓದುಗರಿಗೆ ತಟ್ಟನೆ ಅದೇ ನೆನಪಾಗುತ್ತದೆ. ಅವರದು ಮೈ ಉಳಿಯಲಿ ಅಂತ, ನಮ್ಮವರದು ಬೇಗ ಮಣ್ಣಾಗಲಿ ಅಂತ. ಅಲ್ಲೊಂದು ಸಾಲು ಹಾಕಿದರೆ ಪಿರಮಿಡ್ಡು ನಿಮ್ಮ ಊರಿಗೆ ಹತ್ತಿರವಾಗುತ್ತದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ, ಹೆಣ ಕಾಪಿಡಲು ಇದ್ದ ಮೂರು ದರದ ಸಂಗತಿಯನ್ನೂ ಸೇರಿಸಿ. ಉಳ್ಳವರಿಗೆ ಒಂದು, ನಡುವಿನವರಿಗೆ ಒಂದು, ಬಡವರಿಗೆ ಒಂದು. ಹೆಣದ ಗಾಡಿಯ ಬಾಡಿಗೆ ಕೊಟ್ಟವರು ಓದಿದರೆ ನಗುತ್ತಾರೆ.

‘ಜಗತ್ತಿನ ಮೊಟ್ಟಮೊದಲ ಮಮ್ಮಿ’ ಅನ್ನುವ ಮಾತನ್ನೂ ತೆಗೆಯಿರಿ. ಚಿಲಿ ದೇಶದ ಕಡಲ ದಂಡೆಯ ಚಿಂಚೊರೋ ಬೆಸ್ತರು ಈಜಿಪ್ಟಿಗಿಂತ ಸುಮಾರು 2,000 ವರ್ಷ ಮೊದಲೇ ಹೆಣ ಕಾಪಿಡುತ್ತಿದ್ದರು. ಬರೀ ದೊಡ್ಡವರದ್ದಲ್ಲ, ಹಸುಗೂಸುಗಳದ್ದು ಕೂಡ.

ನೀವು ಒಂದು ಸಾಲಿನಲ್ಲಿ ಮುಗಿಸಿದ ಅಮೆರಿಕದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಕಾಕಾನ ಪೆಟ್ಟಿಗೆಯ ಮೂಲ ಇರುವುದು ಅಲ್ಲಿ. 1861ರಿಂದ 1865ರವರೆಗೆ ಅಲ್ಲಿ ಒಳಯುದ್ಧ ನಡೆಯಿತು. ದಕ್ಷಿಣದ ರಣರಂಗದಲ್ಲಿ ಸತ್ತ ಹುಡುಗರ ಮುಖ ನೋಡಬೇಕು ಅಂತ ಉತ್ತರದ ತಂದೆ-ತಾಯಿ ಹಟ ಹಿಡಿದರು. ರೈಲಿನಲ್ಲಿ ಕಳಿಸುವಷ್ಟರಲ್ಲಿ ಹೆಣ ಕೊಳೆಯುತ್ತಿತ್ತು. ಆಗ ರಕ್ತನಾಳಕ್ಕೆ ಔಷಧಿ ಏರಿಸುವ ವಿದ್ಯೆ ಕಲಿತವರು ಸೈನ್ಯದ ಬೆನ್ನ ಹಿಂದೆಯೇ ಡೇರೆ ಹಾಕಿಕೊಂಡು ದುಡ್ಡು ಮಾಡಿದರು. ಆಗಿನ ಔಷಧಿಯಲ್ಲಿ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇರುತ್ತಿತ್ತು, ಫಾರ್ಮಾಲಿನ್ ಬಂದದ್ದು ಆಮೇಲೆ. 1865ರಲ್ಲಿ ಲಿಂಕನ್ ಕೊಲೆಯಾದಾಗ ಅವರ ದೇಹವನ್ನು ವಾಷಿಂಗ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ 2,600 ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಒಯ್ದರು. ದಾರಿಯುದ್ದಕ್ಕೂ ಊರೂರಿನವರು ನೋಡಿದರು. ಎಂಬಾಮಿಂಗ್ ಅನ್ನುವುದು ಜನರ ಬಾಯಿಗೆ ಬಂದದ್ದು ಹೀಗೆ. ದೂರದೂರಿನ ದುಡಿಮೆ, ಮನೆಯವರ ಕಾಯುವಿಕೆ, ನಡುವೆ ಒಂದು ಪೆಟ್ಟಿಗೆ. ದುಬೈಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ಹಾಗೆ ನೋಡಿದರೆ ಅಮೆರಿಕಕ್ಕೂ ಹೋಗಬೇಕಿಲ್ಲ. ರಾಮಾಯಣದಲ್ಲಿ ದಶರಥ ಸತ್ತಾಗ ಕೊಳ್ಳಿ ಇಡಲು ಒಬ್ಬ ಮಗನೂ ಊರಲ್ಲಿಲ್ಲ. ಭರತ ಅಜ್ಜನ ಮನೆಯಲ್ಲಿದ್ದಾನೆ. ಅವನು ಬರುವವರೆಗೆ ಎಣ್ಣೆ ತುಂಬಿದ ತೊಟ್ಟಿಯಲ್ಲಿ ಹೆಣ ಕಾಯ್ದಿಟ್ಟರು. ಈಗ ಪುಣೆಯಿಂದ ಮಗ ಬರುವವರೆಗೆ ಫ್ರೀಜರ್ ಬಾಕ್ಸ್ ತರಿಸುತ್ತೇವೆ. ಇಷ್ಟು ಚಂದದ ಸಂಗತಿ ನಿಮ್ಮ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ!

ಎರಡನೇ ಪುಟದಲ್ಲಿ ‘ಹಿಂದೂಗಳು ಸುಡುತ್ತಾರೆ, ಮುಸ್ಲಿಮರು ಮತ್ತು ಕ್ರೈಸ್ತರು ಹೂಳುತ್ತಾರೆ’ ಅಂತ ಬರೆದಿದ್ದೀರಿ. ನಿಮ್ಮದೇ ಒಂಬತ್ತನೇ ಪುಟ ಅದನ್ನು ಸುಳ್ಳು ಮಾಡುತ್ತದೆ. ನಮ್ಮ ಕಡೆ ಲಿಂಗಾಯತರಷ್ಟೇ ಅಲ್ಲ, ಇನ್ನೂ ಎಷ್ಟೋ ಸಮುದಾಯದವರು ಹೂಳುತ್ತಾರೆ. ಸುಡುವ ಮನೆಗಳಲ್ಲೂ ಎಳೆಗೂಸು ಹೋದರೆ ಮಣ್ಣಿಗೇ. ‘ತಾಯಿ ಸೆರಗು ಹೊದಿಸುವ ಹಾಗೆ ಇವನನ್ನು ಮುಚ್ಚು’ ಅಂತ ಭೂಮಿಯನ್ನು ಬೇಡಿಕೊಳ್ಳುವ ಮಂತ್ರ ಋಗ್ವೇದದಲ್ಲೇ ಇದೆ. ನಿಮ್ಮದೇ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ನವಶಿಲಾಯುಗದ ಜನ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತದ್ದು ಅಲ್ಲಿ ಸಿಕ್ಕಿತು. ಇನ್ನೊಂದು ಕಡೆ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು, 2023ರ ಜನವರಿಯಲ್ಲಿ ಹೋದವರು, ತಮ್ಮನ್ನು ಹೂಳಬೇಡಿ, ಸುಟ್ಟುಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಸ್ವಾಮಿಗಳನ್ನು ಹೂತ ಗದ್ದುಗೆಗೆ ಕೈಮುಗಿದೇ ಬೆಳೆದ ನಮ್ಮ ಜನ ಅವತ್ತು ಚಿತೆಯ ಮುಂದೆ ನಿಂತು ಅತ್ತರು. ಜಾತಿ-ಧರ್ಮಕ್ಕೊಂದು ಖಾನೆ ಮಾಡಿ ತುಂಬಿಸಿದರೆ ಇವೆಲ್ಲ ಹೊರಗೇ ಉಳಿಯುತ್ತವೆ.

ಇನ್ನೊಂದು ತಪ್ಪು ಸಣ್ಣದು, ಆದರೆ ಗದಗಿನ ಓದುಗರು ಬಿಡುವುದಿಲ್ಲ. ಬೆಟಗೇರಿಯ ವೀರಗಲ್ಲುಗಳನ್ನು ‘ಯೋಧರ ಗೋರಿಗಳು’ ಅಂದಿದ್ದೀರಿ. ವೀರಗಲ್ಲು ಗೋರಿಯಲ್ಲ, ನೆನಪಿನ ಕಲ್ಲು. ಅದರ ಬುಡದಲ್ಲಿ ಹೆಣ ಇರಲೇಬೇಕು ಅಂತಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಗೋರಿ, ಗದ್ದುಗೆ, ಸಮಾಧಿ ಮೂರನ್ನೂ ನೀವು ಬದಲಾವಣೆಗೆ ಅಂತ ಒಂದಾದ ಮೇಲೊಂದು ಬಳಸುತ್ತೀರಿ. ಇವು ಒಂದೇ ಅಲ್ಲ. ಶಿಶುನಾಳದ ಷರೀಫಜ್ಜ ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ, 1889ರಲ್ಲಿ ಹೋದಾಗ ಹಿಂದೂ-ಮುಸ್ಲಿಂ ಎರಡೂ ಕಡೆಯವರು ತಮ್ಮ ತಮ್ಮ ಪದ್ಧತಿ ಮಾಡಿದರು. ಜನ ಅದನ್ನು ಗದ್ದುಗೆ ಅನ್ನುತ್ತಾರೆ, ಗೋರಿ ಅನ್ನುವುದಿಲ್ಲ. ಆ ಒಂದು ಶಬ್ದದ ಮೇಲೆಯೇ ಪುಟ ಬರೆಯಬಹುದು.

ಶಬ್ದದ ವಿಷಯದಲ್ಲಿ ನನಗೂ ಒಮ್ಮೆ ಪೆಟ್ಟು ಬಿದ್ದಿದೆ. ಕೆಲಸಕ್ಕೆ ಸೇರಿದ ಹೊಸತು. ಧಾರವಾಡದ ಹಿರಿಯರೊಬ್ಬರು ತೀರಿಕೊಂಡ ಸುದ್ದಿಗೆ ರೂಢಿಯಂತೆ ‘ಹಿರಿಯ ಮಗ ಚಿತೆಗೆ ಅಗ್ನಿಸ್ಪರ್ಶ ಮಾಡಿದರು’ ಅಂತ ಬರೆದು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಆ ಮಗನೇ ಕಚೇರಿಗೆ ಬಂದರು. ಸಿಟ್ಟೇನೂ ಮಾಡಲಿಲ್ಲ. “ಅಪ್ಪನ್ನ ನಿನ್ನೆ ನಾವು ಮಣ್ಣ ಮಾಡೇವ್ರಿ. ನೀವು ಇವತ್ತು ಸುಟ್ಟೀರಿ” ಅಂದರು, ಪೇಪರ್ ಮೇಜಿನ ಮೇಲಿಟ್ಟು ಹೋದರು. ಅವತ್ತಿನಿಂದ ಸಾವಿನ ಸುದ್ದಿ ಬಂದರೆ ಮೊದಲು ಕೇಳುವುದು, ಮಣ್ಣೋ ಬೆಂಕಿಯೋ ಅಂತ.

ನೀವೂ ‘ಪಾರ್ಥಿವ ಶರೀರ’, ‘ವಿಧಿವಿಧಾನಗಳನ್ನು ನೆರವೇರಿಸಲಾಯಿತು’ ಅಂತೆಲ್ಲ ಬರೆದಿದ್ದೀರಿ. ಅಜ್ಜಿ ಹೋದ ರಾತ್ರಿ ನಿಮ್ಮ ಪಡಸಾಲೆಯಲ್ಲಿ ಯಾರಾದರೂ ಹಾಗೆ ಮಾತಾಡಿದರಾ? ‘ಮಣ್ಣಿಗೆ ಹೋಗಿದ್ದೆ’ ಅಂದರೆ ಹಾವೇರಿಯಿಂದ ಗದಗಿನವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಕುಣಿ, ಗೂಡು, ವಿಭೂತಿ ಗಟ್ಟಿ, ಪತ್ರಿ, ಮೂರನೇ ದಿನದ ಹಾಲುತುಪ್ಪ, ಈ ಶಬ್ದಗಳೇ ಸಾಕು.

ಈಗ ಕೆಲಸಕ್ಕೆ ಬರೋಣ. ಊರಿಗೆ ಹೋಗಿ ಎರಡು ದಿನ ಇದ್ದು ಬನ್ನಿ. ಎರಡೂ ಸಲ ಕುಣಿ ತೋಡಿದವರು ಒಬ್ಬರೇ ಆಗಿದ್ದರೆ ಅವರ ಹತ್ತಿರ ಕೂತು ಮಾತಾಡಿ. ಕೂರಿಸುವ ಕುಣಿ ಆಳ ಬೇಕು, ಗೋಡೆಯಲ್ಲಿ ಗೂಡು ಬೇಕು. ಮಲಗಿಸುವ ಕುಣಿ ಉದ್ದ ಬೇಕು. ಕಾಕಾನಿಗೆ ಮೊದಲು ಯಾವುದನ್ನು ತೋಡಿದ್ದರು? ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾಗಿ, ಜನ ಬಿಸಿಲಲ್ಲಿ ನಿಂತಿರುವಾಗಲೇ ಮತ್ತೆ ಸಲಿಕೆ ಹಿಡಿದರಾ? ಪೆಟ್ಟಿಗೆ ಸಮೇತ ಇಳಿಸಿದಿರಾ, ತೆಗೆದು ಇಳಿಸಿದಿರಾ? ಮಲಗಿಸಿದರೆ ತಲೆ ಯಾವ ದಿಕ್ಕಿಗೆ ಅಂತ ಯಾರು ತೀರ್ಮಾನ ಮಾಡಿದರು? ನಮ್ಮ ಮುಸ್ಲಿಂ ಮನೆಗಳಲ್ಲಿ ಇದಕ್ಕೆ ಉತ್ತರ ಮೊದಲೇ ಇರುತ್ತದೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮದ ಕಡೆಗೆ, ಮಕ್ಕಾ ಇರುವುದು ಆ ದಿಕ್ಕಿಗೆ. ಕೂರಿಸಿಯೇ ರೂಢಿ ಇದ್ದ ನಿಮ್ಮ ಮನೆಯಲ್ಲಿ ಅವತ್ತು ಒಂದಿಷ್ಟು ಗದ್ದಲ ಆಗಿರಲೇಬೇಕು. ಆ ಗದ್ದಲ ನನಗೆ ಬೇಕು.

ಸ್ವಾಮಿಗಳನ್ನು ಕೇಳಿ ಶಾಸ್ತ್ರ ಬರೆಯಲು ಹೋಗಬೇಡಿ, ಅದು ಬೇರೆ ಲೇಖನ. ಹುಬ್ಬಳ್ಳಿಯ ಯಾವುದಾದರೂ ವೈದ್ಯಕೀಯ ಕಾಲೇಜಿನ ಅಂಗರಚನೆ ವಿಭಾಗದವರ ಹತ್ತಿರ ಹತ್ತು ನಿಮಿಷ ಮಾತಾಡಿದರೆ ಫಾರ್ಮಾಲಿನ್ ಸಂಗತಿ ಇನ್ನೂ ಗಟ್ಟಿಯಾಗುತ್ತದೆ. ದೇಹದಾನದ ಹೆಣಗಳಿಗೆ ಅವರೂ ಅದನ್ನೇ ಏರಿಸುತ್ತಾರೆ. 1,800 ಪದ ಮೀರದಿರಲಿ. ಫೋಟೋ ಬೇಡ. ಅಜ್ಜಿಯ ಹಣೆಯ ಪಟ್ಟಿ ಕಟ್ಟಿದ್ದ ಗೂಟ ಇನ್ನೂ ಗೋಡೆಯಲ್ಲಿದ್ದರೆ ಅದರದ್ದೊಂದು ಕಳಿಸಿ, ಸಾಕು.

ಒಂದು ಪ್ರಶ್ನೆ ಉಳಿಯಿತು. ಅಜ್ಜಿಯ ಎಡಗೈಯಲ್ಲಿ ಇಷ್ಟಲಿಂಗ ಇಟ್ಟದ್ದನ್ನು ಬರೆದಿದ್ದೀರಿ. ಕಾಕಾನ ಲಿಂಗ ಎಲ್ಲಿತ್ತು? ದುಬೈನಲ್ಲೂ ಕೊರಳಲ್ಲಿ ಲಿಂಗ ಇಡುವ ಕರಡಿಗೆ ಇತ್ತಾ? ಪೆಟ್ಟಿಗೆಯೊಳಗೆ ಬಂತಾ, ಪಾಸ್‌ಪೋರ್ಟು ಕೈಗಡಿಯಾರದ ಜೊತೆ ಬೇರೆ ಚೀಲದಲ್ಲಿ ಬಂತಾ? ಬಿಗಿದುಕೊಂಡಿದ್ದ ಆ ಬೆರಳುಗಳಲ್ಲಿ ಅದನ್ನು ಹೇಗೆ ಇಟ್ಟಿರಿ?

ಇಂತಿ,
ಸಂಪಾದಕ